ಪಂಪು ಬದಲಿಸುವ ಮೊದಲು ಎಣ್ಣೆ ನೋಡಿ ಮಾರಾಯ್ರೆ!

ಜೆಸಿಬಿ ಕೈಕೊಟ್ಟರೆ ನಮ್ಮ ಕಡೆ ಕೇಳುವ ಮೊದಲ ಮಾತು “ಪಂಪು ಹೋಯ್ತು”. ಎರಡನೆಯದು “ಪ್ರೆಶರ್ ಸ್ವಲ್ಪ ಏರ್ಸು”. ಎರಡರ ಮೇಲೂ ನನ್ನ ತಕರಾರಿದೆ.

ರಾಮನಗುಳಿ ಸುತ್ತ ಈಗ ಮಣ್ಣಿನ ಕೆಲಸವೆಂದರೆ ಮೆಷಿನ್ನೇ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ತೋಟಗಳಿಗೆ ನುಗ್ಗಿದಾಗ ಆ ಹೂಳನ್ನು ಬರೀ ಗುದ್ದಲಿಯಲ್ಲಿ ಎತ್ತಿ ಮುಗಿಸುವುದು ಸಾಧ್ಯವಿತ್ತೇ? ಮೆಷಿನ್ ಬೇಕು, ಸರಿ. ಆದರೆ ಅದರ ರಕ್ತ ಎಂಥದ್ದೆಂದು ಎಷ್ಟು ಜನ ನೋಡುತ್ತಾರೆ?

ಹೌದು, ಎಣ್ಣೆಯೇ ಅದರ ರಕ್ತ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ. 1795ರಲ್ಲಿ ಬ್ರಾಮಾ ಎಂಬ ಇಂಗ್ಲಿಷಿನವ ಅದೇ ತತ್ವದ ಪ್ರೆಸ್ಸಿಗೆ ಪೇಟೆಂಟ್ ಪಡೆದ. ನಮ್ಮ ಬಕೆಟ್ ಎತ್ತುವುದೂ ಅದೇ ಲೆಕ್ಕದಲ್ಲಿ. ಲಾರಿ ಟಯರಿನ ಗಾಳಿ ಚದರ ಸೆಂಟಿಮೀಟರಿಗೆ ಎಂಟು ಕೆಜಿ ಆಸುಪಾಸು. ಈ ಮೆಷಿನ್‌ಗಳ ಎಣ್ಣೆಯ ಒತ್ತಡ 200ರಿಂದ 350 ಕೆಜಿ!

ಇಷ್ಟು ಒತ್ತಡ ತಡೆಯುವ ಪಂಪು, ವಾಲ್ವುಗಳ ಒಳಗಿನ ಸಂದು ಕೆಲವೇ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂದರೆ ಪಂಪನ್ನು ತಿನ್ನುವ ಧೂಳು ಕಣ್ಣಿಗೆ ಕಾಣುವುದೇ ಇಲ್ಲ. ಚಿರೇಕಲ್ಲಿನ ಕೆಂಪು ಧೂಳು ಮುಚ್ಚಳಕ್ಕೆ ಮೆತ್ತಿಕೊಂಡಿರುವಾಗಲೇ ಬಿಚ್ಚಿ, ಮಣ್ಣಾದ ಡಬ್ಬಿಯಲ್ಲಿ ಎಣ್ಣೆ ಸುರಿಯುವ ನಮಗೆ ಇದು ಅರ್ಥವಾಗಬೇಕು. ಮಳೆಗಾಲದಲ್ಲಿ ನೀರೂ ಸೇರುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಆ ದಿನವೇ ಕೆಲಸ ನಿಲ್ಲಿಸಬೇಕು.

ನನಗೆ ಗೊತ್ತಿದ್ದ ಮಾಲೀಕರೊಬ್ಬರು ಹೊಸ ಪಂಪು ಹಾಕಿಸಿದರು. ಟ್ಯಾಂಕು ತೊಳೆಯಲಿಲ್ಲ, ಪೈಪು ತೊಳೆಯಲಿಲ್ಲ. ಹಳೇ ಪಂಪಿನ ಲೋಹದ ಪುಡಿ ಹೊಸದನ್ನೂ ತಿಂದು ಹಾಕಿತು. ಬೈಸಿಕೊಂಡಿದ್ದು ಮಾತ್ರ ಪಾರ್ಟ್ಸ್ ಅಂಗಡಿಯವ!

ಹಾಗಾದರೆ ದೋಷ ಹುಡುಕುವುದು ಹೇಗೆ? ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಿ. ಎಣ್ಣೆ ಮಟ್ಟ ಎಷ್ಟಿದೆ, ಬಣ್ಣ, ವಾಸನೆ ಹೇಗಿದೆ? ಫಿಲ್ಟರ್ ಕಟ್ಟಿದೆಯೇ? ಪಂಪು ಕಿರುಗುಟ್ಟಿದರೆ ಸಕ್ಷನ್ ಕಡೆ ಜಾಲರಿ ಕಟ್ಟಿರಬಹುದು, ಇಲ್ಲವೇ ಸಡಿಲ ಕ್ಲಾಂಪಿನಿಂದ ಗಾಳಿ ಎಳೆಯುತ್ತಿರಬಹುದು. ಎಲ್ಲ ಕೆಲಸವೂ ನಿಧಾನವಾದರೆ ಟ್ಯಾಂಕು, ಪಂಪು, ಮುಖ್ಯ ರಿಲೀಫ್ ವಾಲ್ವ್ ನೋಡಿ. ಒಂದೇ ಕೈ ಸೋತರೆ ಆ ಸಿಲಿಂಡರು, ಅದರ ವಾಲ್ವು ನೋಡಿ. ಕೊನೆಗೆ ಗೇಜು ಹಾಕಿ ಅಳೆಯಿರಿ. ಪಂಪಿನ ಸರದಿ ಆಮೇಲೆ.

ಇನ್ನು ಆ “ಪ್ರೆಶರ್ ಏರ್ಸು”. ರಿಲೀಫ್ ವಾಲ್ವ್ ಎಂದರೆ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದ ಹಾಗೆ. ಗೇಜು ಇಲ್ಲದೆ ಅದರ ಸ್ಕ್ರೂ ಬಿಗಿ ಮಾಡುವುದು ಕುಕ್ಕರಿನ ಮೇಲೆ ಒರಳುಕಲ್ಲು ಇಟ್ಟಂತೆ. ಎರಡು ದಿನ ಜೋರಾಗಿ ಓಡೀತು, ಮೂರನೇ ದಿನ ಹೋಸು ಒಡೆದೀತು.

ಎಣ್ಣೆ ಎಲ್ಲಿ ಜಿನುಗುತ್ತಿದೆಯೆಂದು ಹೋಸಿನ ಮೇಲೆ ಕೈಯಾಡಿಸುವ ಹುಡುಗರನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಕಡಿಮೆ. ತಡಮಾಡಿದರೆ ಬೆರಳು, ಕೈ ಕತ್ತರಿಸುವ ಸ್ಥಿತಿ ಬರಬಹುದು. ತಕ್ಷಣ ಶಸ್ತ್ರಚಿಕಿತ್ಸೆ ಸಿಗುವ ದೊಡ್ಡ ಆಸ್ಪತ್ರೆಗೆ ಓಡಬೇಕು. ಅದು ರಾಮನಗುಳಿಯಿಂದ ಹತ್ತಿರವೇನಲ್ಲ! ಹಾಗಾಗಿ ರಟ್ಟಿನ ತುಂಡು ಹಿಡಿದು ನೋಡಿ, ಕೈ ಬೇಡ. ಹೋಸು ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಉಳಿದ ಒತ್ತಡ ಇಳಿಸಿ. ಎತ್ತಿದ ಟಿಪ್ಪರಿನ ಕೆಳಗೆ ಆಧಾರ ಕೊಡದೆ ತೂರಲೇಬೇಡಿ.

“ಗಂಟೆ ಲೆಕ್ಕದ ಬಾಡಿಗೆ, ಮೆಷಿನ್ ನಿಲ್ಲಿಸಿದ್ರೆ ಇಎಂಐ ನೀವು ಕಟ್ತೀರಾ?” ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ದಿನಕ್ಕೆ ಕಾಲು ಗಂಟೆ ಕಳೆದರೆ ಕಾಲು ಗಂಟೆಯ ಬಾಡಿಗೆ ಹೋಗುತ್ತದೆ. ಪಂಪು ಹೋಗಿ ಹುಬ್ಬಳ್ಳಿಯಿಂದ ಸಾಮಾನು ಬರುವವರೆಗೆ ಕಾದರೆ? ನೀವೇ ಲೆಕ್ಕ ಹಾಕಿ.

2024ರ ಜುಲೈ 16ರಂದು ನಮ್ಮದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತಲ್ಲ, ಅಂದು ಎಲ್ಲರ ಕಣ್ಣೂ ಮಣ್ಣು ತೆಗೆಯುವ ಮೆಷಿನ್‌ಗಳ ಮೇಲೇ ಇತ್ತು. ಅಂಥ ಹೊತ್ತಿನಲ್ಲಿ ಮೊದಲು ಬಂದು ನಿಲ್ಲಬೇಕಾದ್ದು ಹತ್ತಿರದ ಊರಿನ ಬಾಡಿಗೆ ಮೆಷಿನ್ನೇ. ಅದರ ಹೋಸು ಅಲ್ಲಿ ಒಡೆದರೆ ಯಾರಿಗೆ ಉತ್ತರ ಹೇಳುವುದು?

ಅದಕ್ಕೇ ನನ್ನ ಒತ್ತಾಯ ಇಷ್ಟು: ಬೆಳಿಗ್ಗೆ ಮೆಷಿನ್ ನೋಡಲು ಆಪರೇಟರಿಗೆ ಕಾಲು ಗಂಟೆ ಕೊಡಿ, ಆ ಹೊತ್ತಿನ ಸಂಬಳವನ್ನೂ ಕೊಡಿ. ಅವನು “ಇವತ್ತು ಬೇಡ ಸಾಹುಕಾರ್ರೆ” ಎಂದರೆ ಬೈಯದೆ ಕೇಳಿ. ನೀವೇನಂತೀರಿ?