ಮಾತ್ರೆ ಪುಕ್ಕಟೆ, ಗುಟ್ಟು ತುಟ್ಟಿ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹೆದ್ದಾರಿಗೆ ಈಗ 67ರ ನಂಬರು. ಹಿಂದೆ ಅದು 63. ಬಳ್ಳಾರಿ, ಹೊಸಪೇಟೆಯ ಅದಿರು ತುಂಬಿದ ಲಾರಿಗಳು ಕರಾವಳಿಯ ಬಂದರಿಗೆ ಅಣ್ಣಿಗೇರಿ ದಾಟಿ ಹೋಗುತ್ತಿದ್ದ ಆ ದಿನಗಳಲ್ಲಿ, ಎಚ್‌ಐವಿ ಹೆಚ್ಚಿರುವ ದೇಶದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಈ ರೋಗ ಲಾರಿಯವರು ತಂದದ್ದು ಎಂದು ಜನ ತೀರ್ಮಾನಿಸಿಬಿಟ್ಟರು. ಧಾಬಾದ ಕಡೆ ಬೆರಳು ಮಾಡಿದರೆ ಮನೆಯ ಕಡೆ ನೋಡಬೇಕಿಲ್ಲವಲ್ಲ! ಆದರೆ ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದ ಬಸುರಿಯರ ರಕ್ತ ಪರೀಕ್ಷೆಯಲ್ಲೂ ಸೋಂಕು ಸಿಕ್ಕಾಗ ಆ ಬೆರಳು ಮಡಚಬೇಕಾಯಿತು.

ಸರ್ಕಾರದ ಯೋಜನೆಗಳನ್ನು ಬೈಯುವುದು ನಮ್ಮಂಥ ಅಂಕಣಕಾರರ ಕಸುಬು. 1992ರಲ್ಲಿ ಹುಟ್ಟಿದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು, ಅಂದರೆ ನ್ಯಾಕೋವನ್ನು, ಬೈಯಲು ಮಾತ್ರ ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ. ಲಾರಿ ಚಾಲಕರು, ಲೈಂಗಿಕ ಕಾರ್ಯಕರ್ತೆಯರು ಇರುವಲ್ಲಿಗೇ ಹೋಗಿ, ಅವರವರಲ್ಲೇ ಒಬ್ಬರನ್ನು ಕಾರ್ಯಕರ್ತರನ್ನಾಗಿ ಮಾಡಿಕೊಂಡು, ನೀತಿಪಾಠ ಹೇಳದೆ ನಿರೋಧ್ ಕೈಗಿತ್ತ ಕೆಲಸ ಅದರದು. 2003ರಿಂದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ನಮ್ಮ ರಾಜ್ಯದಲ್ಲೂ ಇದಕ್ಕೆ ಹೆಗಲು ಕೊಟ್ಟಿತು. 2004ರ ಏಪ್ರಿಲ್ 1ರಿಂದ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಪುಕ್ಕಟೆಯಾಯಿತು. ದೇಶದಲ್ಲಿ 2010ಕ್ಕೆ ಹೋಲಿಸಿದರೆ 2023ರಲ್ಲಿ ಹೊಸ ಸೋಂಕು ಶೇ 44ರಷ್ಟು ಇಳಿದಿತ್ತು. ಆದರೂ ಸೋಂಕಿನೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ ಜನ.

ಈಗಿನ ಔಷಧ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ ಇವೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಹಾಗೆ ಕುಗ್ಗಿದ ಸ್ಥಿತಿಯಲ್ಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಅಂದಮೇಲೆ ಒಬ್ಬರ ಮಾತ್ರೆ ಅವರೊಬ್ಬರ ಚಿಕಿತ್ಸೆಯಷ್ಟೇ ಅಲ್ಲ, ಊರಿನ ರಕ್ಷಣೆಯೂ ಹೌದು. ಆ ಮಾತ್ರೆ ತಪ್ಪಿಸುವುದು ಯಾವುದು? ಬಹಳ ಸಲ ಅದೇ ಊರಿನ ಕಣ್ಣು.

ಅಣ್ಣಿಗೇರಿ ನವಲಗುಂದದಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾಗಿದ್ದರೂ, ಒಬ್ಬರಿಗೊಬ್ಬರು ಬೀಗರೋ ನೆರೆಯವರೋ ಆಗುವಷ್ಟೇ ದೊಡ್ಡ ಊರು. ಇಂಥ ಊರಿನ ಆಸ್ಪತ್ರೆಯ ಪಡಸಾಲೆಯಲ್ಲಿ ‘ಯಾಕ ಬಂದೀಯವಾ, ಯಾರಿಗಿ ಆರಾಮಿಲ್ಲ?’ ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಆ ಪ್ರೀತಿಗೆ ‘ಶುಗರ್ ತೋರಸಾಕ’ ಎಂಬ ಸುಳ್ಳು ಹೇಳಬೇಕು. ಅದಕ್ಕೇ ಹತ್ತಿರದ ಕೇಂದ್ರ ಬಿಟ್ಟು, ಗುರುತಿನವರು ಸಿಗದ ದೂರದ ಊರಿನಲ್ಲಿ ಹೆಸರು ಬರೆಸುವವರಿದ್ದಾರೆ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಆ ಒಂದು ದಿನದ ಕೂಲಿ ಹೋದಂತೆಯೇ. ಆರೋಗ್ಯ ಸ್ಥಿರವಾಗಿದ್ದರೆ ಮೂರು ತಿಂಗಳ ಮಾತ್ರೆ ಒಮ್ಮೆಗೇ ಕೊಡುವ ಏರ್ಪಾಡಿದೆ ಎನ್ನಿ. ಆದರೆ ಒಂದಿದ್ದ ಡಬ್ಬಿ ಆಗ ಮೂರಾಗುತ್ತದೆ. ಡಬ್ಬಿಯ ಚೀಟಿ ಕಿತ್ತು, ಒಳಗಿನ ಮಾತ್ರೆ ಗಲಗಲ ಅನ್ನದಂತೆ ಹತ್ತಿ ತುರುಕಿ, ಜೋಳದ ಡಬರಿಯ ಹಿಂದೆ ಇಡಬೇಕು. ಮನೆಗೆ ನೆಂಟರು ಬಂದ ರಾತ್ರಿ ಮಾತ್ರೆ ತಪ್ಪುವುದು ಮರೆವಿನಿಂದಲ್ಲ.

ಕಾನೂನಿಗೆ ಈ ಅಂಜಿಕೆ ಗೊತ್ತಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ 2017ರ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿದೆ ಎಂದು ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ದೂರು ಕೇಳುವ ಅಧಿಕಾರಿ ಇರಬೇಕಾದದ್ದು 100 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ. ಆಸ್ಪತ್ರೆಯಾದರೆ 20 ಜನ. ಒಬ್ಬ ಡಾಕ್ಟರು, ಒಬ್ಬ ಕಂಪೌಂಡರ್ ಇರುವ ದವಾಖಾನೆಗೆ, ನಾಲ್ಕು ಆಳಿನ ಅಂಗಡಿಗೆ ಅದು ತಾಗುವುದೇ ಇಲ್ಲ. ಸಣ್ಣ ಊರಿನ ಬದುಕೆಲ್ಲ ಇರುವುದು ಅಲ್ಲೇ. ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರಿಗೆ ದೊಡ್ಡ ಆಸ್ಪತ್ರೆ ಕಂಡಿತು, ಬಸ್‌ಸ್ಟ್ಯಾಂಡಿನ ಎದುರಿನ ಕ್ಲಿನಿಕ್ಕು ಕಾಣಲಿಲ್ಲ.

ಉಳಿದ ದಾರಿ ಅದೇ ಕಾಯ್ದೆಯ ಓಂಬುಡ್ಸ್‌ಮನ್. ಚಿಕಿತ್ಸೆಯಲ್ಲಿ ತಾರತಮ್ಯವಾದರೆ ಅವರು 30 ದಿನದಲ್ಲಿ, ತುರ್ತಿದ್ದರೆ 24 ಗಂಟೆಯಲ್ಲಿ ಆದೇಶ ಕೊಡಬೇಕು. ಒಳ್ಳೆಯ ಕಲಮು. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸರದಿ ನಿಂತ ಹೆಣ್ಣುಮಗಳಿಗೆ ಅವರನ್ನು ತಲುಪುವುದು ಹೇಗೆಂದು ಯಾರು ಹೇಳಬೇಕು? ಸೋಂಕು ಇಳಿದಿದೆ ಎಂದು, ಹೀಗೆ ದಾರಿ ಹೇಳಬೇಕಾದ ಆಪ್ತಸಮಾಲೋಚಕರ ಹುದ್ದೆ ಕಡಿಯುವ ಯೋಚನೆ ಯಾರಿಗಾದರೂ ಬಂದರೆ, ಮೊದಲು ಈ ಪ್ರಶ್ನೆಗೆ ಉತ್ತರಿಸಲಿ. ಡಿಸೆಂಬರ್ 1ರ ಜಾಥಾ, ಕೆಂಪು ರಿಬ್ಬನ್ನು ನಡೆಯಲಿ, ಬೇಡವೆನ್ನುವುದಿಲ್ಲ. ಜೊತೆಗೆ ತಾಲ್ಲೂಕು ಆಸ್ಪತ್ರೆಯ ಕಸಗುಡಿಸುವವರಿಂದ ವೈದ್ಯರವರೆಗೆ ಎಲ್ಲರನ್ನೂ ಕೂಡಿಸಿ, ರೋಗಿಯ ಗುಟ್ಟು ಹೊರಗೆ ಬಿಟ್ಟರೆ ಏನಾಗುತ್ತದೆಂದು ತಿಳಿಸಿ ಹೇಳಲಿ. ಸಹಾಯವಾಣಿ 1097 ಬರೆಯಿಸುವ ಗೋಡೆಯ ಮೇಲೆಯೇ ಓಂಬುಡ್ಸ್‌ಮನ್ ಅವರ ಹೆಸರು, ಫೋನ್ ನಂಬರು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿಸಲಿ. ಬಣ್ಣದ ಖರ್ಚು ಪೆಂಡಾಲಿನ ಖರ್ಚಿಗಿಂತ ಕಡಿಮೆ.