ಬೇಡ ಎಂದವರ ಬಾಗಿಲಿಗೆ ಮರುದಿನ

ಕೊಪ್ಪಳ ಸೀಮೆಯ ಇಟಗಿಯಿಂದ ಪಡುವಣಕ್ಕೆ ಹೊರಟರೆ ಗದಗ-ಬೆಟಗೇರಿ ದೂರವೇನಲ್ಲ. ಆದರೆ 1841ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಬೆಟಗೇರಿಯಲ್ಲಿ ಬಿಡಾರ ಹೂಡಿದಾಗ ನಡುವೆ ರಾಜ್ಯದ ಗಡಿಯೇ ಇತ್ತು. ಬೆಟಗೇರಿ ಕಂಪನಿ ಸರ್ಕಾರದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಕೊಪ್ಪಳ-ಯಲಬುರ್ಗಾ ಸೀಮೆ ನಿಜಾಮನ ಕೈಯಲ್ಲಿತ್ತು. ಪಾದ್ರಿಗಳ ಮೊದಲ ದೊಡ್ಡ ಆಸೆ ಮತ್ತು ಮೊದಲ ದೊಡ್ಡ ನಿರಾಸೆ ಹುಬ್ಬಳ್ಳಿ-ಗದಗಿನ ಈ ಎರೆಭೂಮಿಯಲ್ಲೇ ಹುಟ್ಟಿದವು. ಕಾಲಜ್ಞಾನವನ್ನು ನಂಬಿದ್ದ ಒಂದು ಪಂಥದವರು ತಾವಾಗಿಯೇ ಅವರನ್ನು ಹುಡುಕಿಕೊಂಡು ಬಂದರು. ಪಡುವಣದಿಂದ ಯಾರೋ ಬರುತ್ತಾರೆ, ಕಾಲ ಬದಲಾಗುತ್ತದೆ ಎಂಬ ನಿರೀಕ್ಷೆ ಬಂದವರದು. ಸಾವಿರಾರು ಜನ ಒಮ್ಮೆಲೇ ಯೇಸುವನ್ನು ಒಪ್ಪುತ್ತಾರೆ ಎಂಬ ನಿರೀಕ್ಷೆ ಪಾದ್ರಿಗಳದು. ಗದಗಿನ ಬಳಿ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತು ಕೂಡ ಎದ್ದಿತು. ಆದರೆ ಎಣಿಸಿದ ಜನ ಬರಲಿಲ್ಲ, ವಸಾಹತು ನಿಲ್ಲಲಿಲ್ಲ.

ಇದನ್ನು ಪಾದ್ರಿಗಳ ಮೋಸ ಎಂದೋ ಊರವರ ಆಸೆಬುರುಕತನ ಎಂದೋ ತಳ್ಳಿಹಾಕುವುದು ಸುಲಭ. ಎರಡೂ ಅಲ್ಲ. ಅಲ್ಲಿ ಹೊಲವೂ ದೇವರೂ ಒಟ್ಟಿಗೇ ಬಂದಿದ್ದರಿಂದ, ಬಂದವರು ಯಾವುದಕ್ಕೆ ಬಂದರು ಎಂಬುದು ಕರೆದವರಿಗೂ ತಿಳಿಯಲಿಲ್ಲ, ಬಂದವರಿಗೂ ತಿಳಿಯಲಿಲ್ಲ. ಕ್ರೈಸ್ತರು ತಮ್ಮ ನಂಬಿಕೆಯನ್ನು ಅನ್ಯರಿಗೆ ಹೇಳಬಹುದೇ ಎಂದು ಇವತ್ತು ಟಿ.ವಿ.ಯಲ್ಲೂ ಠಾಣೆಯಲ್ಲೂ ನಡೆಯುವ ಜಗಳದಲ್ಲಿ ಈ ಹಳೆಯ ಗೊಂದಲ ಇನ್ನೂ ಬಗೆಹರಿದಿಲ್ಲ.

ಹೇಳಬಹುದು, ಅದರಲ್ಲಿ ಅನುಮಾನ ಬೇಡ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಪ್ರಚಾರದ ಹಕ್ಕು ಸೇರಬೇಕೇ ಎಂದು 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಬಿರುಸಿನ ಚರ್ಚೆ ನಡೆಯಿತು. ಲೋಕನಾಥ ಮಿಶ್ರಾ ಕಟುವಾಗಿ ವಿರೋಧಿಸಿದರು. ಟಿ.ಟಿ. ಕೃಷ್ಣಮಾಚಾರಿ ಎದ್ದು, ತಾವು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲೇ ಓದಿದ್ದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲ ಎಂದರು. ಹಕ್ಕು ಉಳಿಯಿತು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಗೆರೆ ಎಳೆಯಿತು: ನಂಬಿಕೆಯನ್ನು ತಿಳಿಸುವ ಹಕ್ಕಿದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಿಲ್ಲ. ಗೆರೆ ಎಲ್ಲಿದೆ ಎಂದು ಊರಿನಲ್ಲಿ ಹುಡುಕಹೊರಟರೆ ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಧರ್ಮಬೋಧೆ ಕೊಪ್ಪಳ ಸೀಮೆಗೆ ಹೊಸದಲ್ಲ. ಗವಿಮಠದ ಬಂಡೆ ಮತ್ತು ಪಾಲ್ಕಿಗುಂಡಿನ ಮೇಲೆ ಅಶೋಕನ ಕಿರುಶಾಸನಗಳಿವೆ. ಅವುಗಳ ಧಾಟಿ ವಿಚಿತ್ರವಾಗಿದೆ. ಸಾಮ್ರಾಟ ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮೀರಿದರೂ, ಅದರಲ್ಲಿ ಮೊದಲು ಒಂದು ವರ್ಷ ತಾನು ಹೆಚ್ಚೇನೂ ಶ್ರಮಿಸಲಿಲ್ಲ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಆಮೇಲಷ್ಟೇ ಬೇರೆಯವರೂ ಶ್ರಮಿಸಲಿ ಎನ್ನುತ್ತಾನೆ. ಹಾಗೆ ತನ್ನ ಸೋಮಾರಿತನವನ್ನು ಮೊದಲು ಬಿಚ್ಚಿಟ್ಟು ಬೋಧನೆಗೆ ಇಳಿಯುವ ಚಕ್ರವರ್ತಿ ಅಪರೂಪ, ಪಾಸ್ಟರುಗಳೂ ಸ್ವಾಮಿಗಳೂ ಅಪರೂಪವೇ. ಆತನ ನಂತರ ಕೊಪ್ಪಳ ಜೈನರ ಮಹಾತೀರ್ಥವಾಯಿತು. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಶಿವಾಲಯ ಕಟ್ಟಿಸಿ, ಅದು ದೇವಾಲಯಗಳ ಚಕ್ರವರ್ತಿ ಎಂದು ಶಾಸನದಲ್ಲೇ ಸಾರಿಸಿದ. ತನ್ನ ದೇವರೇ ದೊಡ್ಡವನು ಎನ್ನಲು ಯಾರೂ ನಾಚಿಕೊಂಡಿರಲಿಲ್ಲ.

ಎಲ್ಲ ಕಾಲದಲ್ಲೂ ಹಾಲುಸಕ್ಕರೆಯೇ ಇತ್ತು ಎನ್ನುವಂತಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ತಲೆಯನ್ನೇ ಪಣಕ್ಕಿಟ್ಟ ಕಥೆಯಿದೆ. ಪಣದ ಮುಂದಿನ ಭಾಗ ಬಸದಿ ಉರುಳಿದ ಕಥೆ. ವಾದದಲ್ಲಿ ಗೆಲ್ಲುವುದಕ್ಕೂ ಎದುರಿನವನ ಮನೆ ಕೆಡವುವುದಕ್ಕೂ ನಡುವಿನ ಅಂತರ ಈ ನೆಲದಲ್ಲಿ ಹಿಂದೆಯೂ ಅಳಿಸಿದ್ದುಂಟು.

ಬಾಸೆಲ್ ಮಿಷನ್ನಿನೊಳಗೇ ಬೋಧನೆಯ ಎರಡು ದಾರಿಗಳಿದ್ದವು. ಸ್ಯಾಮ್ಯುಯೆಲ್ ಹೆಬಿಕ್ ಕಣ್ಣೂರಿನ ಸುತ್ತಲ ಜಾತ್ರೆಗಳ ನಡುವೆ ನಿಂತು ಗುಡುಗುತ್ತಿದ್ದ. ಹರ್ಮನ್ ಮೋಗ್ಲಿಂಗ್ 1843ರ ಜುಲೈನಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ. ಅಷ್ಟಕ್ಕೇ ನಿಲ್ಲದೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲೆಹಾಕಿ ಅಚ್ಚು ಮಾಡಿಸಿದ. ಆತನಿಗೆ ಇವುಗಳ ಮೇಲೆ ಭಕ್ತಿಯೇನೂ ಇರಲಿಲ್ಲ, ಎದುರಾಳಿಯನ್ನು ಅರಿಯುವ ಉದ್ದೇಶವೂ ಇತ್ತು ಎನ್ನಿ. ಆದರೂ ಲಿಂಗಾಯತ ಒಕ್ಕಲಿಗನೊಬ್ಬ ಏನನ್ನು ನಂಬಿದ್ದಾನೆ ಎಂದು ಅವನ ಪುರಾಣದಿಂದಲೇ ತಿಳಿದು ಮಾತಿಗೆ ಕೂತವನಿಗೂ, ಅವನದೆಲ್ಲ ಸೈತಾನನ ಆಟ ಎಂದು ಒಂದೇ ಉಸಿರಿನಲ್ಲಿ ಹೇಳಿ ಕರಪತ್ರ ಕೈಗಿಡುವವನಿಗೂ ಅಜಗಜಾಂತರ. ಫರ್ಡಿನಾಂಡ್ ಕಿಟೆಲ್ ಇನ್ನೂ ಮುಂದೆ ಹೋದ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಕಾವ್ಯದ ಮಟ್ಟಿಗೆ ಹೊಂದಿಸಿ ಹೇಳಿದ. 1894ರಲ್ಲಿ ಆತನ ನಿಘಂಟು ಬಂತು. ಅದನ್ನು ಬಳಸಲು ಯಾರೂ ಯಾವ ಮತಕ್ಕೂ ಸೇರಬೇಕಿರಲಿಲ್ಲ.

ಹೆಬಿಕ್‌ನ ದಾರಿ ಇನ್ನೂ ಮುಚ್ಚಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳ ಮೇಲೆ ದಾಳಿಯಾದಾಗ, ಹಿಂದೂ ದೇವತೆಗಳನ್ನು ಹೀನಾಯವಾಗಿ ಚಿತ್ರಿಸಿದೆ ಎಂಬ ಆರೋಪ ಹೊತ್ತ ‘ಸತ್ಯದರ್ಶಿನಿ’ ಎಂಬ ಪುಸ್ತಿಕೆಯ ಮಾತು ಮತ್ತೆ ಮತ್ತೆ ಬಂತು. ಪುಸ್ತಿಕೆ ಬೇಸರ ತಂದರೆ ಉತ್ತರ ಬರೆಯಬೇಕು, ಕಲ್ಲು ತೂರುವುದು ಉತ್ತರವಲ್ಲ. ಪುಸ್ತಿಕೆಗೆ ಸಂಬಂಧವೇ ಇಲ್ಲದ ಕ್ರೈಸ್ತ ಸನ್ಯಾಸಿನಿಯರ ಪ್ರಾರ್ಥನಾಮಂದಿರವೂ ಆಗ ದಾಳಿಗೆ ತುತ್ತಾಯಿತು. ಹಾಗಿದ್ದರೂ ಕ್ರೈಸ್ತರು ತಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಉಳಿಯುತ್ತದೆ: ಪಕ್ಕದ ಮನೆಯವರ ದೇವರನ್ನು ಹಳಿಯದೆ ಯೇಸುವಿನ ವಿಷಯ ಹೇಳಲು ಬಾರದವರಿಗೆ ಯೇಸುವಿನ ವಿಷಯ ಎಷ್ಟು ತಿಳಿದಿದೆ?

ಮೋಸ ಎಲ್ಲಿ ನುಸುಳುತ್ತದೆ ಎಂಬುದು ಕಾಯಿಲೆಯ ಮನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಗುವಿನ ಜ್ವರ ವಾರವಾದರೂ ಇಳಿದಿಲ್ಲ, ತಾಯಿ ಕಂಗಾಲಾಗಿದ್ದಾಳೆ ಎನ್ನಿ. ‘ಪ್ರಾರ್ಥನಾಕ್ಕ ಬರ್ರಿ, ಗುಳಿಗಿ ಬ್ಯಾಡ, ಆರಾಮ ಆಗ್ತದ’ ಎನ್ನುವವನು ಆಕೆಯ ಭಯವನ್ನು ಬಳಸಿಕೊಳ್ಳುತ್ತಿದ್ದಾನೆ. ‘ಅಕ್ಕಾ, ನಾವು ಯೇಸುಸ್ವಾಮಿನ್ನ ನಂಬಿದವ್ರು. ಕೂಸಿನ ಸಲುವಾಗಿ ಪ್ರಾರ್ಥನಾ ಮಾಡ್ಲೇನ್ರಿ? ಬ್ಯಾಡಂದ್ರ ಬಿಡ್ತೀನಿ. ಮೊದ್ಲು ದವಾಖಾನಿಗೆ ಹೋಗೂಣು, ಗಾಡಿ ತರ್ತೀನಿ’ ಎನ್ನುವವನು ತಾನು ಯಾರೆಂದು ಹೇಳಿದ, ಅಪ್ಪಣೆ ಕೇಳಿದ, ಗಾಡಿಯನ್ನು ಪ್ರಾರ್ಥನೆಗೆ ಗಂಟುಹಾಕಲಿಲ್ಲ. ಆಕೆ ಬೇಡ ಎಂದ ಮೇಲೂ ಮರುದಿನ ಕೂಸು ಹೇಗಿದೆ ಎಂದು ಕೇಳಲು ಬಂದರೆ, ಅವನದು ಪ್ರೀತಿಯೋ ಲೆಕ್ಕಾಚಾರವೋ ಎಂದು ಇಡೀ ಓಣಿಗೆ ಗೊತ್ತಾಗುತ್ತದೆ. ಬೆಟಗೇರಿಯಲ್ಲಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ದವಾಖಾನೆಗೆ ಹೋದ ಬಹುಪಾಲು ಜನ ಗುಣವಾಗಿ ತಮ್ಮ ತಮ್ಮ ದೇವರ ಬಳಿಗೇ ಮರಳಿದರು. ಆಸ್ಪತ್ರೆಗೆ ಅದರಿಂದ ಕೊರತೆಯೇನೂ ಆಗಲಿಲ್ಲ.

ಸೇವೆಯನ್ನು ಪ್ರಾರ್ಥನೆಗೆ ಗಂಟುಹಾಕಬಾರದು ಎಂಬುದು ಹೊರಗಿನವರು ಕ್ರೈಸ್ತರ ಮೇಲೆ ಹೇರುವ ಷರತ್ತಲ್ಲ. ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ಇವ್ಯಾಂಜೆಲಿಕಲ್ ಸಭೆಗಳ ಜಾಗತಿಕ ಒಕ್ಕೂಟ ಸಾಮಾನ್ಯವಾಗಿ ಒಂದೇ ಚಾಪೆಯ ಮೇಲೆ ಕೂರುವವರಲ್ಲ. ಆದರೂ 2011ರಲ್ಲಿ ಮೂವರೂ ಸೇರಿ ಹೊರಡಿಸಿದ ದಾಖಲೆಯಲ್ಲಿ ಬಡತನವನ್ನು ಬಳಸಿಕೊಳ್ಳುವ ಆಮಿಷ ತಪ್ಪು, ಗುಣಪಡಿಸುವ ಸೇವೆಯ ಹೆಸರಿನಲ್ಲಿ ಸಂಕಟದಲ್ಲಿರುವವರನ್ನು ಸೆಳೆಯುವುದು ತಪ್ಪು, ಅನ್ಯಧರ್ಮದ ಬಗ್ಗೆ ಸುಳ್ಳು ಹೇಳುವುದು ತಪ್ಪು ಎಂದಿದೆ. ಆ ದಾಖಲೆ ಹಳ್ಳಿಯ ಪ್ರಾರ್ಥನಾ ಕೂಟಗಳಲ್ಲಿ ಕನ್ನಡದಲ್ಲಿ ಓದಿಸಬೇಕಾದದ್ದು.

ಸರ್ಕಾರ ಹಿಡಿದ ದಾರಿ ಬೇರೆ. 2022ರ ಕರ್ನಾಟಕದ ಮತಾಂತರ ನಿಷೇಧ ಕಾಯ್ದೆಯ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅವರ ಹೆಸರು ನೋಟಿಸ್ ಬೋರ್ಡಿಗೆ ಹತ್ತುತ್ತದೆ, ಯಾರು ಬೇಕಾದರೂ ತಕರಾರು ಎತ್ತಬಹುದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು. ಒಬ್ಬ ಕೂಲಿಯಾಳು ತನ್ನ ಮನಸ್ಸು ಬದಲಾದದ್ದನ್ನು ತಹಶೀಲ್ದಾರ ಕಚೇರಿಯ ಗೋಡೆಯ ಮೇಲೆ ಓದಬೇಕೆಂದರೆ ಅವನು ಗುಟ್ಟು ಮಾಡುತ್ತಾನೆಯೇ ಹೊರತು ಪ್ರಾಮಾಣಿಕನಾಗುವುದಿಲ್ಲ.

ಕೇಳುಗನ ಪ್ರಾಮಾಣಿಕತೆಗೆ ಇನ್ನೊಂದು ತಡೆಯೂ ಇದೆ, ಅದರ ಚರ್ಚೆ ಕಡಿಮೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತನೋ ಮುಸ್ಲಿಮನೋ ಆದ ದಲಿತ ಮಾತ್ರ ಆ ಸ್ಥಾನ ಕಳೆದುಕೊಳ್ಳುತ್ತಾನೆ, ಕೇರಿ ಅದೇ ಇದ್ದರೂ, ಹೋಟೆಲಿನ ಲೋಟ ಬೇರೆಯೇ ಇದ್ದರೂ. ಹೀಗಾಗಿ ಎಷ್ಟೋ ಕುಟುಂಬಗಳು ಭಾನುವಾರ ಪ್ರಾರ್ಥನೆಗೆ ಹೋಗಿ, ಸೋಮವಾರ ಮಗನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹಿಂದೂ ಎಂದು ಬರೆಯುತ್ತವೆ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಇಂಥದೇ ಪ್ರಕರಣವನ್ನು ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ಬಗೆದ ವಂಚನೆ ಎಂದು ಕರೆಯಿತು. ಈ ಸ್ಥಾನವನ್ನು ದಲಿತ ಕ್ರೈಸ್ತರಿಗೂ ಮುಸ್ಲಿಮರಿಗೂ ವಿಸ್ತರಿಸಬಹುದೇ ಎಂದು ಪರಿಶೀಲಿಸಲು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಮುಚ್ಚುಮರೆ ಬೇಡ ಎಂದು ಬೋಧಕರಿಗೆ ಹೇಳುವ ಸರ್ಕಾರ, ಬಾಯಿಬಿಟ್ಟು ನಿಜ ಹೇಳಿದ ಕೇಳುಗನಿಂದ ಮಗನ ವಿದ್ಯಾರ್ಥಿವೇತನ ಕಸಿದುಕೊಳ್ಳುವುದನ್ನು ಯಾವ ನ್ಯಾಯದಲ್ಲಿ ಮುಂದುವರಿಸುತ್ತದೆ ಎಂಬುದಕ್ಕೆ ಆಯೋಗದ ಮುಂದೆಯಾದರೂ ಉತ್ತರ ಕೊಡಬೇಕು.