ಬಾಟಲಿಯ ಹಿಂಬದಿ ಚೀಟಿ

ಕರ್ನಾಟಕದಿಂದ ಅಮೆರಿಕಕ್ಕೆ ಹೋದವರು ಅಲ್ಲಿನ ವೈನ್ ಅಂಗಡಿಗಳಲ್ಲಿ ಮೊದಲು ತಬ್ಬಿಬ್ಬಾಗುವುದು ಬೆಲೆಯ ವಿಷಯದಲ್ಲಿ. ನಮ್ಮಲ್ಲಿ ಬಾಟಲಿಯ ಮೇಲೆಯೇ ಎಂಆರ್‌ಪಿ ಅಚ್ಚಾಗಿರುತ್ತದೆ. 2003ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮವೇ ಇಡೀ ರಾಜ್ಯದ ಸಗಟು ಮಾರಾಟಗಾರ. ಮಲ್ಲೇಶ್ವರದ ಅಂಗಡಿಗೂ ಮಂಡ್ಯದ ಅಂಗಡಿಗೂ ಸರಕು ಅಲ್ಲಿಂದಲೇ ಬರಬೇಕು. ಅಮೆರಿಕದಲ್ಲಾದರೋ ಅದೇ ಬಾಟಲಿ ದೊಡ್ಡ ಸರಣಿ ಮಳಿಗೆಯಲ್ಲಿ 15 ಡಾಲರ್ ಇದ್ದರೆ, ಪಕ್ಕದ ಬೀದಿಯ ಪುಟ್ಟ ಅಂಗಡಿಯಲ್ಲಿ 19 ಇರಬಹುದು. ಪುಟ್ಟ ಅಂಗಡಿಯವರು ಸುಲಿಗೆ ಮಾಡುತ್ತಿದ್ದಾರೆ ಎಂದು ಹಲವರು ಅಲ್ಲೇ ತೀರ್ಮಾನಿಸಿಬಿಡುತ್ತಾರೆ. ಲೆಕ್ಕ ನೋಡಿದರೆ ಹಾಗಿಲ್ಲ.

1933ರಲ್ಲಿ ಪಾನನಿಷೇಧ ರದ್ದಾದ ಮೇಲೆ ಮದ್ಯದ ನಿಯಂತ್ರಣ ರಾಜ್ಯಗಳ ಕೈಗೆ ಹೋಯಿತು. ಹೆಚ್ಚಿನ ರಾಜ್ಯಗಳು ವ್ಯಾಪಾರವನ್ನು ಮೂರು ಮೆಟ್ಟಿಲು ಮಾಡಿದವು: ತಯಾರಕರು ಸಗಟು ವ್ಯಾಪಾರಿಗೆ, ಸಗಟು ವ್ಯಾಪಾರಿ ಚಿಲ್ಲರೆ ಅಂಗಡಿಗೆ, ಅಂಗಡಿಯವರು ನಮಗೆ. ಕ್ಯಾಲಿಫೋರ್ನಿಯಾದಂಥ ಕಡೆ ಸಗಟು ದರವೇ ಎಷ್ಟು ಕೇಸು ಎತ್ತುತ್ತೀರಿ ಎಂಬುದರ ಮೇಲೆ ನಿಂತಿದೆ. ನೂರು ಕೇಸು ಎತ್ತುವವರಿಗೆ ಒಂದು ದರ, ಎರಡು ಕೇಸಿನವರಿಗೆ ಇನ್ನೊಂದು. ಹಾಗಾಗಿ ದೊಡ್ಡ ಮಳಿಗೆಯ ಮಾರಾಟದ ಬೆಲೆ ಸಣ್ಣ ಅಂಗಡಿಯ ಅಸಲಿನ ಹತ್ತಿರಕ್ಕೇ ಬಂದುಬಿಡುವುದುಂಟು. ಕಾಸ್ಟ್‌ಕೊದಂಥ ದೊಡ್ಡ ಸರಣಿ ಸಂಸ್ಥೆ ತನ್ನ ಸರಕುಗಳ ಮೇಲೆ ಸುಮಾರು ಶೇ 14-15ಕ್ಕಿಂತ ಹೆಚ್ಚು ಏರಿಸುವುದಿಲ್ಲ. ಬಾಡಿಗೆ, ಸಂಬಳ, ದಾಸ್ತಾನು ಎಲ್ಲವನ್ನೂ ಒಂದೇ ಕೋಣೆಯ ವ್ಯಾಪಾರದಿಂದ ತೂಗಿಸುವವರಿಗೆ ಅಷ್ಟರಲ್ಲಿ ಬಾಗಿಲು ತೆರೆದಿಡುವುದೂ ಕಷ್ಟ.

ಇನ್ನು ದೊಡ್ಡ ಸರಣಿಗಳ ಲಾಭ ಎಲ್ಲಿಂದ? 1991ರಲ್ಲಿ ಟ್ರೋನ್ ಸಹೋದರರು ಡೆಲವೇರ್‌ನಲ್ಲಿ ಶುರುಮಾಡಿದ ‘ಟೋಟಲ್ ವೈನ್’ ಈಗ 200ಕ್ಕೂ ಹೆಚ್ಚು ಮಳಿಗೆಗಳಿಗೆ ಬೆಳೆದಿದೆ. ಇಂಥ ಕಡೆ ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನು ಕಡಿಮೆ ಅಂಚಿನಲ್ಲಿ ಮಾರಿ ಗಿರಾಕಿಯನ್ನು ಒಳಗೆ ಕರೆಯುತ್ತಾರೆ. ಒಳಗೆ ಬಂದವರಿಗೆ ಆ ಸರಣಿಯಲ್ಲಷ್ಟೇ ಸಿಗುವ ಬಾಟಲಿಗಳನ್ನು ತೋರಿಸುತ್ತಾರೆ. ಅವು ಬೇರೆ ಅಂಗಡಿಯಲ್ಲಿ ಇಲ್ಲವಾದ್ದರಿಂದ ಬೆಲೆ ಹೋಲಿಸಿ ನೋಡಲು ದಾರಿಯಿಲ್ಲ. ಇದರಲ್ಲಿ ಮೋಸವೇನಿಲ್ಲ, ಅಂಥವುಗಳಲ್ಲಿ ಒಳ್ಳೆಯ ವೈನ್ ಇದ್ದೀತು. ಆದರೆ ‘ಇದು ಬಹಳ ಚೆನ್ನಾಗಿದೆ, ತಗೊಳ್ಳಿ’ ಎಂದು ಯಾರಾದರೂ ಕೈಗಿಟ್ಟಾಗ ಬಾಟಲಿ ತಿರುಗಿಸಿ ಹಿಂಬದಿಯ ಚೀಟಿ ಓದಿ.

ಅಮೆರಿಕದ ವೈನ್ ಆದರೆ ‘ಪ್ರೊಡ್ಯೂಸ್ಡ್ ಅಂಡ್ ಬಾಟಲ್ಡ್ ಬೈ’ ಎಂದಿದೆಯೇ ನೋಡಿ. ಹಾಗೆ ಬರೆಯಬೇಕಾದರೆ ಕನಿಷ್ಠ ಶೇ 75ರಷ್ಟನ್ನು ಅವರೇ ಹುದುಗಿಸಿರಬೇಕು. ‘ಎಸ್ಟೇಟ್ ಬಾಟಲ್ಡ್’ ಎಂದಿದ್ದರೆ ದ್ರಾಕ್ಷಿಯೂ ಅವರದೇ ಹಿಡಿತದ ತೋಟದ್ದು. ‘ಸೆಲರ್ಡ್’ ಅಥವಾ ‘ವಿಂಟೆಡ್’ ಎಂದಷ್ಟೇ ಇದ್ದರೆ ಇನ್ನೊಬ್ಬರು ಮಾಡಿದ ವೈನನ್ನು ಕೊಂಡು ತುಂಬಿಸಿರಲೂಬಹುದು. ಹೆಸರು ಮಾತ್ರ ಬೆಟ್ಟ, ಹೊಳೆ, ಅಜ್ಜನ ತೋಟ ಎಂದೆಲ್ಲ ಇರುತ್ತದೆ.

ವಿದೇಶಿ ವೈನ್ ಆದರೆ ಆ ಚೀಟಿಯಲ್ಲಿ ಆಮದುದಾರರ ಹೆಸರಿರುತ್ತದೆ. ನನ್ನ ಮಟ್ಟಿಗೆ ಇಡೀ ಬಾಟಲಿಯಲ್ಲಿ ಅತ್ಯಂತ ಉಪಯುಕ್ತ ಸಾಲು ಅದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಕಡೆ 1972ರಲ್ಲಿ ಪುಟ್ಟ ಅಂಗಡಿ ತೆರೆದ ಕರ್ಮಿಟ್ ಲಿಂಚ್ ಅವರನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ನೆಲಮಾಳಿಗೆಯಲ್ಲಿ ಸವಿದ ವೈನ್ ಹಡಗಿನಲ್ಲಿ ಬರುವಷ್ಟರಲ್ಲಿ ಸಪ್ಪೆಯಾಗಿರುವುದನ್ನು ಅವರು ಗಮನಿಸಿದರು. ದಾರಿಯಲ್ಲಿ ಕಂಟೇನರು ಬಿಸಿಯಾಗಿ ವೈನ್ ಕೆಡುತ್ತಿತ್ತು. ಹೆಚ್ಚು ಹಣ ತೆತ್ತು ಶೀತಲ ಕಂಟೇನರುಗಳಲ್ಲಿ ತರಿಸತೊಡಗಿದರು. ಸಣ್ಣ ಅಂಗಡಿಯಲ್ಲಿ ನಾವು ಕೊಡುವ ಹೆಚ್ಚುವರಿ ಮೂರ್ನಾಲ್ಕು ಡಾಲರ್ ಇಂಥ ಕಾಳಜಿಗೂ ಸಲ್ಲುತ್ತದೆ. ವರ್ಷಕ್ಕೆ ಕೆಲವೇ ನೂರು ಕೇಸು ಮಾಡುವ ರೈತ ಕುಟುಂಬದ ವೈನ್ ನೂರಾರು ಮಳಿಗೆಗಳ ಕಪಾಟು ತುಂಬಲಾರದು. ಅದಕ್ಕೆ ಇಂಥ ಅಂಗಡಿಗಳೇ ಗತಿ.

ಕೆಲವು ರಾಜ್ಯಗಳು ಕಾನೂನಿನಿಂದಲೇ ಅವನ್ನು ಕಾಪಾಡಿವೆ. ನ್ಯೂಯಾರ್ಕ್‌ನಲ್ಲಿ ಒಬ್ಬರಿಗೆ ಒಂದೇ ವೈನ್ ಅಂಗಡಿಯ ಲೈಸೆನ್ಸ್. ದಿನಸಿ ಮಳಿಗೆಗಳು ವೈನ್ ಮಾರುವಂತಿಲ್ಲ. ಆದರೆ ಟೆನೆಸಿ ರಾಜ್ಯದಲ್ಲಿ ಲೈಸೆನ್ಸಿಗೆ ಎರಡು ವರ್ಷದ ವಾಸ ಬೇಕೆಂಬ ಕಾನೂನಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಅದನ್ನು ರದ್ದುಮಾಡಿತು. ರದ್ದಾದದ್ದು ಸರಿಯೇ. ಹೊರಗಿನವರನ್ನು ತಡೆಯುವುದಕ್ಕಿಂತ ಒಬ್ಬರ ಕೈಗೆ ಎಷ್ಟು ಅಂಗಡಿ ಎಂದು ಮಿತಿ ಹಾಕುವುದು ನ್ಯಾಯ.

ಮದುವೆ, ಗೃಹಪ್ರವೇಶದ ಔತಣಕ್ಕೆ ಪರಿಚಿತ ಹೆಸರಿನ ಎರಡು ಕೇಸು ಬೇಕೆಂದರೆ ದೊಡ್ಡ ಮಳಿಗೆಗೇ ಹೋಗಿ, ದುಡ್ಡು ಉಳಿಯುತ್ತದೆ. ಏನು ಕೊಳ್ಳಬೇಕೆಂದೇ ಗೊತ್ತಿಲ್ಲದಿದ್ದಾಗ ಸಣ್ಣ ಅಂಗಡಿಗೆ ಹೋಗಿ ನಿಮ್ಮ ಮಿತಿ ಹೇಳಿ, ‘18 ಡಾಲರ್ ಒಳಗೆ ಕೊಡಿ’ ಎನ್ನಲು ಸಂಕೋಚ ಬೇಡ. ಊಟಕ್ಕೆ ಕೋರಿ ಗಸಿ, ಖಾರ ಜಾಸ್ತಿ, ತೆಂಗಿನಕಾಯಿ ಇದೆ ಎಂದೂ ಹೇಳಿ. ತಿಳಿದವರಾದರೆ ತುಸು ಸಿಹಿ ಉಳಿದ ರೀಸ್ಲಿಂಗ್ ಎಂಬ ಬಿಳಿ ವೈನ್ ತೋರಿಸಿಯಾರು. ಖಾರಕ್ಕೆ ಅದು ಹೊಂದುತ್ತದೆ. ಮೆಚ್ಚಿಕೆಯಾದರೆ ಹಿಂಬದಿಯ ಆಮದುದಾರರ ಹೆಸರನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಯಾವ ಊರಿನ ಯಾವ ಅಂಗಡಿಗೆ ಹೋದರೂ ಅದೇ ಹೆಸರು ಹುಡುಕಬಹುದು.